ಬೋಯ್ನ್ ನದಿಯ ತಿರುವಿನ ಶಿಲಾಸಮಾಧಿ: ಕಥೆಯ ಸಾಕ್ಷ್ಯ ಮತ್ತು ಕಲ್ಲಿನ ಸಾಕ್ಷ್ಯ

ಲಿಪಿಯನ್ನರಿಯದ ಜನಾಂಗವೊಂದು ತನ್ನ ಬಾಳಿನ ಅರ್ಥವನ್ನು ಮುಂದಿನವರಿಗೆ ಹೇಗೆ ಒಪ್ಪಿಸಿಹೋಗುತ್ತದೆ ಎಂಬುದು ಇತಿಹಾಸದ ಗಹನವಾದ ಪ್ರಶ್ನೆಗಳಲ್ಲೊಂದು. ಶಾಸನವಿದ್ದಲ್ಲಿ ಅದರ ಪಾಠವನ್ನು ಓದಬಹುದು. ಓಲೆಗರಿಯ ಕಟ್ಟು ಉಳಿದಿದ್ದಲ್ಲಿ ಪ್ರತಿಗಳನ್ನು ಹೋಲಿಸಿ ಮೂಲವನ್ನು ಅರಸಬಹುದು. ಇವೆರಡೂ ಇಲ್ಲದೆಡೆ ಶೋಧಕನಿಗೆ ಉಳಿಯುವ ಆಧಾರಗಳು ಎರಡು: ನೆಲದ ಮೇಲೆ ನಿಂತ ಕಲ್ಲು, ಮತ್ತು ಆ ಕಲ್ಲಿನ ಸುತ್ತ ಜನರು ಹೇಳಿಕೊಂಡು ಬಂದ ಕಥೆ. ಈ ಎರಡನ್ನೂ ಎಷ್ಟರಮಟ್ಟಿಗೆ ನಂಬಬೇಕು, ಒಂದನ್ನು ಇನ್ನೊಂದರ ಮುಂದಿಟ್ಟು ಹೇಗೆ ಪರೀಕ್ಷಿಸಬೇಕು ಎಂಬುದಕ್ಕೆ ಐರ್ಲೆಂಡಿನ ಬೋಯ್ನ್ ನದಿಯ ದಡದಲ್ಲಿರುವ ನ್ಯೂಗ್ರೇಂಜ್ ಎಂಬ ಶಿಲಾಸಮಾಧಿ ಒಳ್ಳೆಯ ನಿದರ್ಶನವಾಗಿದೆ. ಕಳೆದ ಮೂರು ಶತಮಾನಗಳಲ್ಲಿ ಅದನ್ನು ಕುರಿತು ನಡೆದ ಚರ್ಚೆ ಪುರಾತತ್ತ್ವದ ವಿದ್ಯಾರ್ಥಿಗಳಿಗೆ ಎಷ್ಟು ಪ್ರಯೋಜನಕರವೋ ಸಾಹಿತ್ಯದ ವಿದ್ಯಾರ್ಥಿಗಳಿಗೂ ಅಷ್ಟೇ ಪ್ರಯೋಜನಕರ.

ನೆಲೆ ಮತ್ತು ಹೆಸರು

ಐರ್ಲೆಂಡಿನ ರಾಜಧಾನಿ ಡಬ್ಲಿನ್ ನಗರದಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರು ದೂರದಲ್ಲಿ, ಮೀತ್ ಜಿಲ್ಲೆಯಲ್ಲಿ, ಬೋಯ್ನ್ ನದಿಯು ಸಮುದ್ರವನ್ನು ಸೇರುವ ಮೊದಲು ದಕ್ಷಿಣಕ್ಕೆ ಬಾಗಿ ಮತ್ತೆ ಈಶಾನ್ಯಕ್ಕೆ ತಿರುಗುತ್ತದೆ. ಆ ಬಾಗಿನೊಳಗಿನ ಫಲವತ್ತಾದ ಏರುನೆಲಕ್ಕೆ ಐರಿಷ್ ಭಾಷೆಯಲ್ಲಿ ‘ಬ್ರೂ ನ ಬೋಯ್ನ್ಯ’ ಎಂದು ಹೆಸರು. ಬೋಯ್ನ್ ನದಿಯ ಮಂದಿರ ಅಥವಾ ಅರಮನೆ ಎಂಬುದು ಅದರ ಅರ್ಥ. ಇಲ್ಲಿ ನ್ಯೂಗ್ರೇಂಜ್, ನೌತ್, ಡೌತ್ ಎಂಬ ಮೂರು ಮಹಾಸಮಾಧಿಗಳೂ ಅವುಗಳ ಸುತ್ತ ಹತ್ತಾರು ಕಿರುಸಮಾಧಿಗಳೂ ಕಲ್ಲಿನ ಹಾಗೂ ಮಣ್ಣಿನ ವೃತ್ತಗಳೂ ಹರಡಿಕೊಂಡಿವೆ. ಈ ಸಮಸ್ತ ಕ್ಷೇತ್ರವನ್ನು ಯುನೆಸ್ಕೋ ಸಂಸ್ಥೆ 1993ರಲ್ಲಿ ವಿಶ್ವಪರಂಪರೆಯ ತಾಣವೆಂದು ಅಂಗೀಕರಿಸಿತು.

‘ನ್ಯೂಗ್ರೇಂಜ್’ ಎಂಬ ಹೆಸರು ಸಮಾಧಿಯಷ್ಟು ಹಳೆಯದಲ್ಲ. 1142ರಲ್ಲಿ ಸಮೀಪದ ಮೆಲಿಫಾಂಟಿನಲ್ಲಿ ಸಿಸ್ಟರ್ಸಿಯನ್ ಪಂಥದ ಕ್ರೈಸ್ತ ಸಂನ್ಯಾಸಿಗಳು ತಮ್ಮ ಮಠವನ್ನು ಸ್ಥಾಪಿಸಿದರು. ಐರ್ಲೆಂಡಿನಲ್ಲಿ ಆ ಪಂಥದ ಮೊದಲ ಮಠ ಅದು. ನದೀತಿರುವಿನ ಹೊಲಗಳು ಆ ಮಠದ ಉಂಬಳಿಗೆ ಸೇರಿದವು. ಮಠದ ದೂರದ ಹೊಲಮನೆಗಳಿಗೆ ‘ಗ್ರೇಂಜ್’ ಎಂದು ಹೆಸರು. ಹೊಸ ಹೊಲಮನೆ ಎಂಬ ಸಾಮಾನ್ಯ ಮಾತೇ ಪ್ರಪಂಚದ ಅತಿ ಪ್ರಾಚೀನ ಕಟ್ಟಡಗಳಲ್ಲೊಂದರ ಹೆಸರಾಗಿ ನಿಂತಿತು. ಹಳೆಯ ಹೆಸರಾದ ‘ಬ್ರೂ’ ಎಂಬುದು ಕಥೆಗಳಲ್ಲಿ ಉಳಿಯಿತು.

ನದಿಯ ಹೆಸರು ಮಾತ್ರ ಬಹಳ ಪುರಾತನವಾದುದು. ಕ್ರಿ.ಶ. ಎರಡನೆಯ ಶತಮಾನದ ಭೂಗೋಳಜ್ಞ ಟಾಲೆಮಿ ಇದನ್ನು ‘ಬುವಿಂದ’ ಎಂದು ದಾಖಲಿಸಿದ್ದಾನೆ. ಐರಿಷ್ ಪುರಾಣದಲ್ಲಿ ಈ ನದಿಯ ಅಧಿದೇವತೆ ಬೋವನ್ ಎಂಬವಳು. ಬಿಳಿಯ ಹಸು ಎಂದು ಆ ಹೆಸರನ್ನು ಬಿಡಿಸುವುದು ವಾಡಿಕೆ. ಯಾರೂ ಸಮೀಪಿಸಬಾರದೆಂದು ನಿಷೇಧಿಸಿದ್ದ ಬಾವಿಯೊಂದನ್ನು ಅವಳು ಅಪ್ರದಕ್ಷಿಣವಾಗಿ ಸುತ್ತಿದಳೆಂದೂ, ಬಾವಿಯ ನೀರು ಉಕ್ಕಿ ಅವಳನ್ನು ಅಟ್ಟಿಸಿಕೊಂಡು ಸಮುದ್ರದವರೆಗೆ ಹರಿದು ನದಿಯಾಯಿತೆಂದೂ ಸ್ಥಳಪುರಾಣ ಹೇಳುತ್ತದೆ.

ಸಮಾಧಿಯ ರಚನೆ

ಈ ಬಗೆಯ ಕಟ್ಟಡವನ್ನು ಇಂಗ್ಲಿಷಿನ ವಿದ್ವಾಂಸರು ‘ಪ್ಯಾಸೇಜ್ ಟೂಂಬ್’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಇದನ್ನು ಓಣಿ ಸಮಾಧಿ ಎನ್ನಬಹುದು. ದೊಡ್ಡದೊಂದು ದಿಬ್ಬ, ಅದರ ಅಂಚಿನಿಂದ ಒಳಕ್ಕೆ ಸಾಗುವ ಇಕ್ಕಟ್ಟಾದ ಕಲ್ಲಿನ ಓಣಿ, ಓಣಿಯ ಕೊನೆಯಲ್ಲಿ ಮೃತರ ಅವಶೇಷಗಳನ್ನಿಡುವ ಗರ್ಭಗೃಹ, ಇವು ಅದರ ಮುಖ್ಯಾಂಗಗಳು.

ನ್ಯೂಗ್ರೇಂಜಿನ ದಿಬ್ಬ ಸುಮಾರು 85 ಮೀಟರು ಅಡ್ಡಳತೆಯುಳ್ಳದ್ದು. ಒಂದು ಎಕರೆಗೂ ಮಿಕ್ಕಿದ ನೆಲವನ್ನು ಆವರಿಸಿದೆ. ಅದರ ಬುಡವನ್ನು 97 ಭಾರಿ ಅಂಚುಗಲ್ಲುಗಳು ಸುತ್ತುವರಿದಿವೆ. ಆಗ್ನೇಯಕ್ಕೆ ತೆರೆದ ಬಾಗಿಲಿನ ಮುಂದೆ ಅಡ್ಡಲಾಗಿ ಮಲಗಿರುವ ಅಂಚುಗಲ್ಲಿನ ತುಂಬ ಸುರುಳಿಗಳನ್ನೂ ಹರಳಿನಾಕಾರದ ರೇಖೆಗಳನ್ನೂ ಕೊರೆಯಲಾಗಿದೆ. ಅದನ್ನು ದಾಟಿದರೆ 19 ಮೀಟರು ಉದ್ದದ ಓಣಿ. ಓಣಿಯ ಕೊನೆಯಲ್ಲಿರುವ ಗರ್ಭಗೃಹಕ್ಕೆ ಮೂರು ಕಡೆ ಮೂರು ಗೂಡುಗಳಿವೆ. ಗೂಡುಗಳಲ್ಲಿ ಅಗಲವಾದ ಕಲ್ಲುಬಾನಿಗಳಿವೆ. ಮೃತರ ಅಸ್ಥಿಗಳನ್ನು ಅವುಗಳಲ್ಲಿ ಇಡುತ್ತಿದ್ದಿರಬೇಕೆಂದು ವಿದ್ವಾಂಸರ ಅಭಿಪ್ರಾಯ.

ಗರ್ಭಗೃಹದ ಮೇಲ್ಛಾವಣಿ ಅಲ್ಲಿನ ಶಿಲ್ಪಿಗಳ ಕೌಶಲಕ್ಕೆ ಕನ್ನಡಿಯಾಗಿದೆ. ಗಾರೆಯಿಲ್ಲ, ಕಮಾನಿಲ್ಲ. ಕಲ್ಲಿನ ಪ್ರತಿಯೊಂದು ವರಸೆಯೂ ಕೆಳಗಿನ ವರಸೆಗಿಂತ ತುಸು ಒಳಕ್ಕೆ ಚಾಚಿ, ಮೇಲೆ ಮೇಲೆ ಸಾಗಿದಂತೆ ವೃತ್ತ ಕಿರಿದಾಗುತ್ತಾ, ಆರು ಮೀಟರು ಎತ್ತರದಲ್ಲಿ ಒಂದೇ ಚಪ್ಪಡಿ ಅದನ್ನು ಮುಚ್ಚುತ್ತದೆ. ಓಣಿಯ ಮೇಲುಗಲ್ಲುಗಳ ಬೆನ್ನಿನಲ್ಲಿ ಮಳೆಯ ನೀರು ಪಕ್ಕಕ್ಕೆ ಹರಿದುಹೋಗುವಂತೆ ಸಣ್ಣ ಕಾಲುವೆಗಳನ್ನು ಕೆತ್ತಿದ್ದಾರೆ. ಕಲ್ಲುಗಳ ಸಂದುಗಳಿಗೆ ಸುಟ್ಟ ಮಣ್ಣನ್ನೂ ಕಡಲಿನ ಮರಳನ್ನೂ ಮೆತ್ತಿದ್ದಾರೆ. ಮಳೆ ಧಾರಾಳವಾಗಿ ಸುರಿಯುವ ಆ ನಾಡಿನಲ್ಲಿ ಐದು ಸಾವಿರ ವರ್ಷಗಳ ತರುವಾಯವೂ ಗರ್ಭಗೃಹದ ಛಾವಣಿ ಗಟ್ಟಿಯಾಗಿ ನಿಂತಿದೆ.

ಆ ಸುಟ್ಟ ಮಣ್ಣೇ ಕಾಲನಿರ್ಣಯಕ್ಕೂ ಆಧಾರವಾಯಿತು. ಅದರೊಳಗಿನ ಇದ್ದಿಲನ್ನು ರೇಡಿಯೋ ಕಾರ್ಬನ್ ವಿಧಾನದಿಂದ ಪರೀಕ್ಷಿಸಿದಾಗ ಕಟ್ಟಡ ಕ್ರಿ.ಪೂ. 3200ರ ಸುಮಾರಿನದೆಂದು ಸ್ಥಿರಪಟ್ಟಿತು. ಈಜಿಪ್ಟಿನ ಮಹಾಪಿರಮಿಡ್ಡು ಎದ್ದದ್ದು ಇದಾದ ಆರು ಶತಮಾನಗಳ ಮೇಲೆ. ಇದನ್ನು ಕಟ್ಟಿದವರು ನವಶಿಲಾಯುಗದ ಒಕ್ಕಲಿಗರು. ದನ ಸಾಕುತ್ತಿದ್ದರು, ಧಾನ್ಯ ಬೆಳೆಯುತ್ತಿದ್ದರು. ಲೋಹವನ್ನರಿಯರು, ಬರಹವನ್ನರಿಯರು. ಸುರುಳಿಗಳನ್ನು ಕೊರೆದದ್ದು ಚಕಮಕಿ ಕಲ್ಲು, ಬೆಣಚುಕಲ್ಲುಗಳ ಮೊನೆಯಿಂದ. ದಿಬ್ಬದ ಮುಂಭಾಗದಲ್ಲಿ ದೊರೆತ ಹಾಲಿನ ಬಣ್ಣದ ಬೆಣಚುಕಲ್ಲುಗಳು ದಕ್ಷಿಣದಲ್ಲಿ 50 ಕಿಲೋಮೀಟರಿಗೂ ದೂರದ ವಿಕ್ಲೋ ಬೆಟ್ಟಗಳ ಸೀಮೆಯಿಂದ ಬಂದವು. ಬೂದುಬಣ್ಣದ ನುಣುಪಾದ ಗುಂಡುಕಲ್ಲುಗಳು ಉತ್ತರದ ಡಂಡಾಕ್ ಕೊಲ್ಲಿಯ ತೀರದಿಂದ ಬಂದವು. ಅಷ್ಟು ದೂರದ ಕಲ್ಲನ್ನು ಬಯಸಿ ತರಿಸಿಕೊಳ್ಳುವಷ್ಟು ಆ ಸಮಾಜ ಸಂಘಟಿತವಾಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವಿದ್ವಾಂಸರ ಊಹಾಪೋಹಗಳು

ಬಹುಕಾಲ ಈ ದಿಬ್ಬ ಹುಲ್ಲು ಬೆಳೆದ ಗುಡ್ಡದಂತೆ ನಿಂತಿತ್ತು. 1699ರಲ್ಲಿ ಅಲ್ಲಿನ ಭೂಮಾಲಿಕ ಚಾರ್ಲ್ಸ್ ಕ್ಯಾಂಬೆಲ್ ಎಂಬವನು ರಸ್ತೆ ಮುಂತಾದ ಕೆಲಸಕ್ಕೆ ಕಲ್ಲು ಬೇಕೆಂದು ಆಳುಗಳಿಂದ ದಿಬ್ಬವನ್ನು ಅಗೆಸಿದಾಗ ಓಣಿಯ ಬಾಗಿಲು ಕಾಣಿಸಿಕೊಂಡಿತು. ಅದೇ ವರ್ಷ ಆಕ್ಸ್‌ಫರ್ಡಿನ ಆಷ್ಮೋಲಿಯನ್ ವಸ್ತುಸಂಗ್ರಹಾಲಯದ ಪಾಲಕನಾದ ವೇಲ್ಸ್ ದೇಶದ ವಿದ್ವಾಂಸ ಎಡ್ವರ್ಡ್ ಲೂಯಿಡ್ ಅಲ್ಲಿಗೆ ಬಂದು ಒಳಹೊಕ್ಕು ನೋಡಿ ತನ್ನ ಪತ್ರಗಳಲ್ಲಿ ಅದನ್ನು ವರ್ಣಿಸಿದನು.

ಲೂಯಿಡನ ತರ್ಕಸರಣಿ ಗಮನಿಸತಕ್ಕದ್ದು. ದಿಬ್ಬದ ನೆತ್ತಿಯ ಬಳಿ ರೋಮ್ ಚಕ್ರವರ್ತಿಯೊಬ್ಬನ ಚಿನ್ನದ ನಾಣ್ಯ ಸಿಕ್ಕಿತ್ತು. ಆದುದರಿಂದ ದಿಬ್ಬ ಆ ನಾಣ್ಯಕ್ಕಿಂತ, ಅಂದರೆ ಒಂಬತ್ತನೆಯ ಶತಮಾನದ ಆಸುಪಾಸಿನಲ್ಲಿ ಐರ್ಲೆಂಡಿನ ಮೇಲೆ ಎರಗಿದ ಡೇನರ ಕಾಲಕ್ಕಿಂತ, ಹಿಂದಿನದು. ಕಲ್ಲಿನ ಮೇಲಿನ ಕೆತ್ತನೆ ರೋಮನರ ಕೈವಾಡದಂತಿಲ್ಲ. ಆದಕಾರಣ ಇದು ಐರ್ಲೆಂಡಿನ ಪ್ರಾಚೀನ ನಿವಾಸಿಗಳದೇ ಬಲಿಸ್ಥಾನ ಅಥವಾ ಸಮಾಧಿಸ್ಥಾನ. ಕೈಗೆ ಸಿಕ್ಕ ಎರಡು ಸಾಕ್ಷ್ಯಗಳಿಂದ ಎಷ್ಟನ್ನು ಹೇಳಬಹುದೋ ಅಷ್ಟನ್ನೇ ಅವನು ಹೇಳಿದನು. ಹೇಳಿದ್ದು ನಿಜವೂ ಆಗಿತ್ತು.

ಅವನ ಅನಂತರ ಬಂದವರಲ್ಲಿ ಈ ಸಂಯಮ ಕಾಣುವುದಿಲ್ಲ. 18ನೆಯ ಶತಮಾನದ ಆದಿಭಾಗದಲ್ಲಿ ಡಬ್ಲಿನ್ನಿನ ವೈದ್ಯ ಥಾಮಸ್ ಮೊಲಿನೊ ಈ ದಿಬ್ಬಗಳನ್ನೆಲ್ಲ ಡೇನರು ಕಟ್ಟಿದರೆಂದು ಬರೆದನು. ಅದೇ ಶತಮಾನದ ಉತ್ತರಾರ್ಧದಲ್ಲಿ ಸೈನ್ಯಾಧಿಕಾರಿ ಚಾರ್ಲ್ಸ್ ವ್ಯಾಲನ್ಸಿ ಐರಿಷ್ ಪ್ರಾಚೀನತೆಯ ಮೂಲವನ್ನು ಫಿನೀಷಿಯನ್ನರಲ್ಲಿಯೂ ಪೂರ್ವದೇಶಗಳಲ್ಲಿಯೂ ಹುಡುಕಿದನು. ಮಾತುಗಳ ಮೇಲ್ನೋಟದ ಸಾದೃಶ್ಯವೇ ಅವನಿಗೆ ಸಾಕಷ್ಟು ಪ್ರಮಾಣವಾಗಿ ಕಂಡಿತು. ಇಂಥ ಮತಗಳ ಹಿಂದೆ ಒಂದು ಪೂರ್ವಗ್ರಹವೂ ಇತ್ತು: ಪರಾಧೀನವಾಗಿದ್ದ ಬಡನಾಡಿನ ಜನರ ಹಿರಿಯರು ಇಂಥದನ್ನು ಕಟ್ಟಿರಲಾರರು, ಹೊರಗಿನಿಂದ ಬಂದ ಯಾರೋ ಕಟ್ಟಿರಬೇಕು ಎಂಬ ಎಣಿಕೆ. ಹೀಗೆ ಲೂಯಿಡನ ಸರಳವಾದ ತೀರ್ಮಾನ ದೀರ್ಘಕಾಲ ಮೂಲೆಗೆ ಸರಿಯಿತು.

ಈ ವಿಚಾರದಲ್ಲಿ ಕನ್ನಡ ನಾಡಿನ ನಂಟೂ ಒಂದಿದೆ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಆ ಸೀಮೆಯ ರಾಜನಕೋಳೂರು, ಜೇವರ್ಗಿ ಮುಂತಾದೆಡೆಗಳಲ್ಲಿ ಕಲ್ಲುಮನೆಗಳನ್ನೂ ಕಲ್ಲುವೃತ್ತಗಳನ್ನೂ ಕಂಡು, ಕೆಲವನ್ನು ಅಗೆಸಿ, ಅಳತೆ ತೆಗೆದು, ನಕ್ಷೆ ಬರೆದನು. ನಿವೃತ್ತನಾಗಿ ಡಬ್ಲಿನ್ನಿನ ಬಳಿ ನೆಲಸಿದ ಮೇಲೆ 1860ರ ದಶಕದಲ್ಲಿ ಆ ಶೋಧವನ್ನು ರಾಯಲ್ ಐರಿಷ್ ಅಕಾಡೆಮಿಯ ಪ್ರಕಟಣೆಯಲ್ಲಿ ವಿಸ್ತಾರವಾಗಿ ನಿರೂಪಿಸಿದನು. ಬ್ರಿಟನ್ ಮತ್ತು ಐರ್ಲೆಂಡಿನ ಶಿಲಾಸಮಾಧಿಗಳಿಗೂ ದಖನ್ನಿನ ಸಮಾಧಿಗಳಿಗೂ ಇರುವ ಹೋಲಿಕೆ ಅವನ ಮನಸ್ಸನ್ನು ಸೆಳೆದಿತ್ತು. ಕೆಲ್ಟರ ಅಥವಾ ಸಿಥಿಯನ್ನರ ಒಂದೇ ಮೂಲಜನಾಂಗ ಎರಡು ಕಡೆಗೂ ಹರಡಿರಬೇಕೆಂದು ಅವನು ಊಹಿಸಿದನು.

ಟೇಲರನ ಅಳತೆಗಳೂ ವರ್ಣನೆಗಳೂ ಇಂದಿಗೂ ಬೆಲೆಯುಳ್ಳವು. ಅವನ ಊಹೆ ಮಾತ್ರ ನಿಲ್ಲಲಿಲ್ಲ. ಕನ್ನಡ ನಾಡಿನ ಬೃಹತ್ ಶಿಲಾಸಮಾಧಿಗಳಲ್ಲಿ ಹೆಚ್ಚಿನವು ಕಬ್ಬಿಣವನ್ನು ಬಲ್ಲವರ ಕೃತಿಗಳು, ಕ್ರಿ.ಪೂ. ಎರಡನೆಯ ಸಹಸ್ರಮಾನದ ಕೊನೆಯ ಭಾಗದಿಂದೀಚೆಗೆ ಬಂದವು. ಬೋಯ್ನ್ ನದಿಯ ಸಮಾಧಿಗಳು ಅವಕ್ಕಿಂತ ಎರಡು ಸಾವಿರ ವರ್ಷಗಳಷ್ಟು ಹಿಂದಿನವು, ಲೋಹವನ್ನೇ ಕಾಣದವರವು. ಕಲ್ಲಿನ ಮೇಲೆ ಕಲ್ಲಿಟ್ಟು ಸತ್ತವರಿಗೆ ಮನೆ ಕಟ್ಟುವ ಬುದ್ಧಿ ಬೇರೆ ಬೇರೆ ನಾಡುಗಳಲ್ಲಿ ಬೇರೆ ಬೇರೆಯಾಗಿಯೇ ಹುಟ್ಟಬಹುದು. ಹೋಲಿಕೆಯಿದ್ದ ಮಾತ್ರಕ್ಕೆ ವಂಶಸಂಬಂಧ ಸಿದ್ಧಿಸುವುದಿಲ್ಲ. ಎರಡು ನಾಡುಗಳ ಜನಪದರೂ ಇಂಥ ಕಟ್ಟಡಗಳನ್ನು ಮನುಷ್ಯರದಲ್ಲವೆಂದು ಬಗೆದದ್ದು ಮಾತ್ರ ನಿಜ. ಕನ್ನಡ ನಾಡಿನ ಉತ್ತರಭಾಗದಲ್ಲಿ ಇವು ಕುಳ್ಳರಾದ ಮೋರೇರ ಮನೆಗಳು. ಐರ್ಲೆಂಡಿನಲ್ಲಿ ದಿಬ್ಬದೊಳಗೆ ವಾಸಿಸುವ ಅಮಾನುಷ ವರ್ಗದ ಅರಮನೆಗಳು.

ಬೆಳಕಿಂಡಿಯ ಶೋಧ

ನ್ಯೂಗ್ರೇಂಜಿನ ಶಾಸ್ತ್ರೀಯ ಉತ್ಖನನ 1962ರಲ್ಲಿ ಆರಂಭವಾಗಿ 1975ರವರೆಗೆ ನಡೆಯಿತು. ಅದರ ನೇತೃತ್ವ ವಹಿಸಿದವರು ಕಾರ್ಕ್ ವಿಶ್ವವಿದ್ಯಾಲಯ ಕಾಲೇಜಿನ ಪ್ರಾಧ್ಯಾಪಕ ಮೈಕೇಲ್ ಓಕೆಲಿ. ಅವರ ಪತ್ನಿ ಕ್ಲೇರ್ ಓಕೆಲಿ ಕಲ್ಲುಗಳ ಮೇಲಿನ ಕೆತ್ತನೆಯನ್ನು ಒಂದೊಂದಾಗಿ ಪ್ರತಿ ಮಾಡಿಕೊಂಡರು.

ಓಣಿಯ ಬಾಗಿಲಿನ ಮೇಲ್ಗಡೆ ಅಲಂಕೃತವಾದ ಕಲ್ಲೊಂದರ ಅಂಚು ಹೊರಚಾಚಿರುವುದನ್ನು ಹಿಂದಿನವರು ಕಂಡಿದ್ದರೂ ಅದರ ಪ್ರಯೋಜನ ಯಾರಿಗೂ ಹೊಳೆದಿರಲಿಲ್ಲ. ಅಗೆದು ಬಿಡಿಸಿದಾಗ ಅದು ಚಿಕ್ಕ ಪೆಟ್ಟಿಗೆಯಂಥ ಒಂದು ಬೆಳಕಿಂಡಿಯ ಮೇಲುಗಲ್ಲೆಂದು ತಿಳಿಯಿತು. ಕಿಂಡಿಯನ್ನು ಬೆಣಚುಕಲ್ಲಿನ ತುಂಡುಗಳಿಂದ ಮುಚ್ಚುತ್ತಿದ್ದರು. ಕೆಳಗಲ್ಲಿನ ಮೇಲೆ ಉಳಿದಿದ್ದ ಗೀರುಗಳು ಆ ತುಂಡುಗಳನ್ನು ಮತ್ತೆ ಮತ್ತೆ ಎಳೆದು ಒಳಸೇರಿಸಿದ್ದನ್ನು ತೋರಿಸಿದವು. ಕೆಳಗಿನ ಬಾಗಿಲನ್ನು ಕಲ್ಲಿನಿಂದ ಮುಚ್ಚಿದ ಮೇಲೂ ಮೇಲಿನ ಕಿಂಡಿಯನ್ನು ಆಗಾಗ ತೆರೆಯುತ್ತಿದ್ದರು ಎಂದಾಯಿತು.

ಇದೇ ವೇಳೆಗೆ ಜನರ ಬಾಯಲ್ಲಿದ್ದ ಮಾತೊಂದು ಓಕೆಲಿಯವರ ಕಿವಿಗೆ ಬೀಳುತ್ತಿತ್ತು. ವರ್ಷದ ಯಾವುದೋ ಒಂದು ದಿನ ಉದಯಸೂರ್ಯನ ಬೆಳಕು ಸಮಾಧಿಯೊಳಕ್ಕೆ ಹೊಕ್ಕು, ಹಿಂದಿನ ಗೂಡಿನಲ್ಲಿ ಕೆತ್ತಿರುವ ಮೂರು ಸುರುಳಿಗಳ ಕಲ್ಲನ್ನು ಬೆಳಗುತ್ತದೆ ಎಂಬುದು ಆ ಮಾತು. ಕಣ್ಣಾರೆ ಕಂಡವರು ಒಬ್ಬರೂ ಸಿಕ್ಕಲಿಲ್ಲ. ಯಾವ ದಿನವೆಂದು ಹೇಳುವವರೂ ಇರಲಿಲ್ಲ. ಇಂಗ್ಲೆಂಡಿನ ಸ್ಟೋನ್‌ಹೆಂಜಿನಲ್ಲಿ ಬೇಸಗೆಯ ಉದಯವನ್ನು ಕುರಿತು ಇರುವ ಮಾತನ್ನೇ ಜನ ಇಲ್ಲಿಗೆ ಅನ್ವಯಿಸಿಕೊಂಡಿರಬೇಕೆಂದು ಓಕೆಲಿ ಮೊದಲು ಭಾವಿಸಿದರು. ಆದರೂ ಆ ಮಾತನ್ನು ಅವರು ತಳ್ಳಿಹಾಕಲಿಲ್ಲ. ಓಣಿ ತೆರೆದಿರುವುದು ಆಗ್ನೇಯಕ್ಕೆ. ಬೇಸಗೆಯ ಸೂರ್ಯ ಅಲ್ಲಿ ಹುಟ್ಟುವುದು ಈಶಾನ್ಯದಲ್ಲಿ. ಚಳಿಗಾಲದ ನಡುವಿನ ಸೂರ್ಯ ಹುಟ್ಟುವುದು ಆಗ್ನೇಯದಲ್ಲಿ. ಮಾತು ನಿಜವಾಗಿದ್ದರೆ ಆ ದಿನ ದಕ್ಷಿಣಾಯನದ ಕೊನೆಯಲ್ಲಿ, ಡಿಸೆಂಬರಿನಲ್ಲಿ ಇರಬೇಕು.

1967ರ ಡಿಸೆಂಬರ್ 21ರ ಬೆಳಗಿನ ಜಾವ ಓಕೆಲಿ ಒಬ್ಬರೇ ಗರ್ಭಗೃಹದ ಕತ್ತಲೆಯಲ್ಲಿ ಕಾದು ನಿಂತರು. ಸೂರ್ಯೋದಯವಾದ ನಾಲ್ಕೈದು ನಿಮಿಷಗಳಲ್ಲಿ ಬೆಳಕಿನ ಸಣ್ಣದೊಂದು ಎಳೆ ಬಾಗಿಲಿನಿಂದಲ್ಲ, ಮೇಲಿನ ಕಿಂಡಿಯಿಂದ ತೂರಿಬಂದು ಓಣಿಯುದ್ದಕ್ಕೂ ಚಾಚಿ ಗರ್ಭಗೃಹವನ್ನು ಸೇರಿತು. ಎಳೆ ಅಗಲವಾಗಿ ಪಟ್ಟಿಯಾಯಿತು. ಗೂಡುಗಳೂ ಛಾವಣಿಯೂ ಕಣ್ಣಿಗೆ ಕಾಣುವಷ್ಟು ಬೆಳಕಾಯಿತು. ಮುಂದಿನ ವರ್ಷಗಳ ವೀಕ್ಷಣೆಯಿಂದ ಬೆಳಕು 8 ಗಂಟೆ 58 ನಿಮಿಷಕ್ಕೆ ಹೊಕ್ಕು 17 ನಿಮಿಷ ನಿಂತು ಮರೆಯಾಗುತ್ತದೆಂದು ಖಚಿತವಾಯಿತು. ಆಕಾಶ ನಿರ್ಮಲವಾಗಿದ್ದರೆ ಆ ದಿನದ ಹಿಂದು ಮುಂದಿನ ಕೆಲವು ದಿನಗಳಲ್ಲಿಯೂ ಇದನ್ನು ಕಾಣಬಹುದು.

ಇದರ ಹಿಂದಿನ ಯೋಜನೆ ಸರಳವಾದರೂ ಸೂಕ್ಷ್ಮವಾದುದು. ದಿಬ್ಬ ಇಳಿಜಾರಿನ ಮೇಲಿರುವುದರಿಂದ ಓಣಿಯ ನೆಲ ಒಳಕ್ಕೆ ಸಾಗಿದಂತೆ ಸುಮಾರು ಎರಡು ಮೀಟರು ಏರುತ್ತದೆ. ಗರ್ಭಗೃಹದ ನೆಲ ಬಾಗಿಲಿನ ತಲೆಯ ಮಟ್ಟಕ್ಕೆ ಬರುತ್ತದೆ. ಆದಕಾರಣ ಬಾಗಿಲಿನಿಂದ ಬಂದ ಬೆಳಕು ಅರ್ಧದಾರಿಯಲ್ಲೇ ನೆಲಕ್ಕೆ ಬಡಿದು ನಿಲ್ಲುತ್ತದೆ. ಅದರ ಮೇಲಿನ ಕಿಂಡಿಯ ಬೆಳಕು ಮಾತ್ರ ಕೊನೆ ಮುಟ್ಟುತ್ತದೆ. ಬಾಗಿಲು ಬದುಕಿರುವವರಿಗೆ, ಕಿಂಡಿ ಸೂರ್ಯನಿಗೆ ಎಂದು ಬೇರೆ ಬೇರೆ ದಾರಿಗಳನ್ನು ಕಟ್ಟಿದ್ದರೆನ್ನಬಹುದು. 1974ರಲ್ಲಿ ಪ್ರಕಟವಾದ ಅಳತೆಯ ಅಧ್ಯಯನ ಈ ದಿಕ್ಸಾಧನೆ ಆಕಸ್ಮಿಕವಲ್ಲ, ಮೂಲಯೋಜನೆಯ ಅಂಗವೇ ಎಂದು ಸಮರ್ಥಿಸಿತು. ಭೂಮಿಯ ಅಕ್ಷದ ಓರೆ ಐದು ಸಾವಿರ ವರ್ಷಗಳಲ್ಲಿ ತುಸು ಬದಲಾಗಿದೆ. ಕಟ್ಟಿದ ಕಾಲದಲ್ಲಿ ಬೆಳಕು ಸೂರ್ಯೋದಯದ ಕ್ಷಣದಲ್ಲೇ ಹೊಕ್ಕು ಈಗಿನದಕ್ಕಿಂತ ಹಿಂದಕ್ಕೆ ತಲಪುತ್ತಿತ್ತು.

ಆ ಅಕ್ಷಾಂಶದಲ್ಲಿ ಡಿಸೆಂಬರಿನ ಹಗಲು ಏಳೂವರೆ ಗಂಟೆಯಷ್ಟೇ. ಹಗಲು ದಿನೇ ದಿನೇ ಕುಗ್ಗುತ್ತಾ ಬಂದು, ದನಗಳ ಮೇವೂ ಮನೆಯ ಧಾನ್ಯವೂ ಕರಗುತ್ತಿರುವ ಕಾಲದಲ್ಲಿ, ಸೂರ್ಯ ಇನ್ನು ಹಿಂದಿರುಗುತ್ತಾನೆಂಬ ಭರವಸೆ ಒಕ್ಕಲಿಗನ ಪಾಲಿಗೆ ಜೀವನದ ಪ್ರಶ್ನೆ. ಆ ಹಿಂದಿರುಗುವ ಬೆಳಕಿನ ಮೊದಲ ಕಿರಣವನ್ನು ತಾವು ನೋಡುವುದಕ್ಕಿಂತ ಮಿಗಿಲಾಗಿ ತಮ್ಮ ಮೃತರಿಗೆ ತಲಪಿಸಬೇಕೆಂದು ಅವರು ಬಯಸಿದರು. ಮುಚ್ಚಿದ ಬಾಗಿಲೂ ತೆರೆಯುವ ಕಿಂಡಿಯೂ ಸೂಚಿಸುವುದು ಇದನ್ನೇ.

ಒಂದೇ ಸಾಕ್ಷ್ಯ, ಎರಡು ವ್ಯಾಖ್ಯಾನ

ಓಕೆಲಿಯವರ ಎಲ್ಲ ತೀರ್ಮಾನಗಳೂ ಹೀಗೆ ನಿರ್ವಿವಾದವಾಗಿ ಉಳಿಯಲಿಲ್ಲ. ದಿಬ್ಬದ ಮುಂದೆ ನೆಲದ ಮೇಲೆ ಬೆಣಚುಕಲ್ಲಿನ ದಪ್ಪ ಪದರವೊಂದು ಬಿದ್ದಿತ್ತು. ಇದು ಅಂಚುಗಲ್ಲುಗಳ ಮೇಲೆ ನಿಂತಿದ್ದ ಬಿಳಿಯ ಗೋಡೆ ಕುಸಿದು ಬಿದ್ದದ್ದೆಂದು ಅವರು ನಿರ್ಣಯಿಸಿ, ಸುಮಾರು ಮೂರು ಮೀಟರು ಎತ್ತರದ ಬಿಳಿಗೋಡೆಯನ್ನು ಕಾಂಕ್ರೀಟಿನ ಆಸರೆಯೊಡನೆ ಮತ್ತೆ ಎಬ್ಬಿಸಿದರು. ಇಂದು ಯಾತ್ರಿಕರ ಕಣ್ಣಿಗೆ ಮೊದಲು ಬೀಳುವುದು ಆ ಗೋಡೆಯೇ. ಲೋಹವನ್ನೂ ಗಾರೆಯನ್ನೂ ಅರಿಯದವರು ಅಷ್ಟು ನೆಟ್ಟಗಿನ ಗೋಡೆಯನ್ನು ನಿಲ್ಲಿಸಿರಲಾರರು, ಬೆಣಚುಕಲ್ಲನ್ನು ಮೊದಲಿನಿಂದಲೂ ನೆಲದ ಮೇಲೆಯೇ ಹಾಸಿದ್ದಿರಬೇಕು ಎಂದು ಅನೇಕರು ಆಕ್ಷೇಪಿಸಿದ್ದಾರೆ.

ಇದಕ್ಕೆ ಪ್ರತಿಯಾದ ಉದಾಹರಣೆ ಸಮೀಪದಲ್ಲೇ ಇರುವ ನೌತ್ ದಿಬ್ಬದಲ್ಲಿದೆ. ಅಲ್ಲಿ 1962ರಿಂದ ನಾಲ್ಕು ದಶಕಗಳಿಗೂ ಮೀರಿ ದುಡಿದವರು ಪ್ರಾಧ್ಯಾಪಕ ಜಾರ್ಜ್ ಓಗನ್. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಹೀಗೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಓಣಿಗಳನ್ನು ಅವರು 1967 ಮತ್ತು 1968ರಲ್ಲಿ ಕಂಡುಹಿಡಿದರು. ಒಂದು 34, ಇನ್ನೊಂದು 40 ಮೀಟರು ಉದ್ದವಾಗಿವೆ. 1982ರಲ್ಲಿ ಅಲ್ಲಿಯೇ ಚಕಮಕಿ ಕಲ್ಲಿನಲ್ಲಿ ಅತಿ ನಯವಾಗಿ ಕೆತ್ತಿದ ಗದೆಯ ತಲೆಯೊಂದು ದೊರೆಯಿತು. ನೌತಿನಲ್ಲಿಯೂ ಬಾಗಿಲ ಮುಂದೆ ಬೆಣಚುಕಲ್ಲು ಹರಡಿತ್ತು. ಓಗನ್ ಅದನ್ನು ಗೋಡೆಯಾಗಿ ಎಬ್ಬಿಸದೆ ನೆಲದ ಮೇಲೆಯೇ ಹಾಸಿ ಬಿಟ್ಟರು. ಒಂದೇ ಬಗೆಯ ಸಾಕ್ಷ್ಯಕ್ಕೆ ಇಬ್ಬರು ಸಮರ್ಥರು ಕೊಟ್ಟ ಎರಡು ವ್ಯಾಖ್ಯಾನಗಳು ಒಂದೇ ಕ್ಷೇತ್ರದಲ್ಲಿ ಎದುರುಬದುರಾಗಿ ನಿಂತಿವೆ. ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ: ತ್ರುಟಿತವಾದ ಪಾಠವನ್ನು ಸಂಪಾದಕ ಊಹಿಸಿ ತುಂಬಿದರೆ, ಓದುಗ ಆ ಊಹೆಯನ್ನೇ ಮೂಲವೆಂದು ತಿಳಿಯುವ ಅಪಾಯವುಂಟು.

ಮೂರನೆಯದಾದ ಡೌತ್ ದಿಬ್ಬದ ಪಾಡು ಕರುಣಾಜನಕ. 1847–48ರಲ್ಲಿ ಆತುರದಿಂದ ಅಗೆದುದರ ಫಲವಾಗಿ ಅದರ ನೆತ್ತಿಯಲ್ಲಿ ದೊಡ್ಡದೊಂದು ಕುಳಿ ಉಳಿದುಹೋಯಿತು. ಅದರ ದಕ್ಷಿಣದ ಸಮಾಧಿ ನ್ಯೂಗ್ರೇಂಜಿಗೆ ಪೂರಕವೆಂಬಂತೆ ಚಳಿಗಾಲದ ಅದೇ ದಿನದ ಅಸ್ತಮಾನದ ಕಡೆಗೆ ಮುಖಮಾಡಿದೆ. 2018ರ ಬೇಸಗೆಯ ಬರಗಾಲದಲ್ಲಿ ಬೆಳೆ ಒಣಗಿದಾಗ ನ್ಯೂಗ್ರೇಂಜಿನ ಸಮೀಪದ ಹೊಲದಲ್ಲಿ ಭಾರಿ ವೃತ್ತವೊಂದರ ಗುರುತು ಮೇಲಿನಿಂದ ಕಾಣಿಸಿಕೊಂಡಿತು. ಡೌತಿನ ಹಳೆಯ ಬಂಗಲೆಯೊಂದರ ನೆಲದಲ್ಲಿ ಹೊಸದೊಂದು ಓಣಿ ಸಮಾಧಿ ಪತ್ತೆಯಾದ ವಾರ್ತೆಯೂ ಅದೇ ಜುಲೈ ತಿಂಗಳಲ್ಲಿ ಪ್ರಕಟವಾಯಿತು.

ಪುರಾಣ ಮತ್ತು ಅಸ್ಥಿ

ಮಧ್ಯಯುಗದ ಐರಿಷ್ ಕಥೆಗಳಲ್ಲಿ ಬ್ರೂ ದೇವತೆಗಳ ನಿವಾಸ. ಎಲ್ಕ್ಮಾರನೆಂಬವನ ಪತ್ನಿ ಬೋವನ್‌ಳನ್ನು ದಾಗ್ದಾ ಎಂಬ ಹಿರಿಯ ದೇವತೆ ಮೋಹಿಸಿ, ಎಲ್ಕ್ಮಾರನನ್ನು ದೂರದ ಕೆಲಸಕ್ಕೆ ಕಳುಹಿಸಿ, ತನ್ನ ಮಾಯೆಯಿಂದ ಒಂಬತ್ತು ತಿಂಗಳು ಅವನಿಗೆ ಒಂದೇ ದಿನವಾಗಿ ತೋರುವಂತೆ ಮಾಡಿದನು. ಆ ಅವಧಿಯಲ್ಲಿ ಏಂಗಸ್ ಎಂಬ ಮಗ ಹುಟ್ಟಿದನು. ಬೆಳೆದ ಏಂಗಸ್ ಬ್ರೂವನ್ನು ‘ಹಗಲು ಮತ್ತು ಇರುಳಿನ’ ಮಟ್ಟಿಗೆ ಕೇಳಿ ಪಡೆದು, ಕಾಲವೆಲ್ಲವೂ ಹಗಲು ಇರುಳುಗಳೇ ಅಲ್ಲವೆ ಎಂದು ವಾದಿಸಿ, ಅದನ್ನು ಶಾಶ್ವತವಾಗಿ ತನ್ನದಾಗಿಸಿಕೊಂಡನು. ಸೂರ್ಯನ ಗತಿ ನಿಂತಂತೆ ಕಾಣುವ ದಿನವನ್ನು ಕೊಂಡಾಡುವ ಸಮಾಧಿಗೆ ಕಾಲವೇ ನಿಂತ ಕಥೆ ಅಂಟಿಕೊಂಡಿರುವುದು ಅನೇಕರಿಗೆ ಅರ್ಥಪೂರ್ಣವಾಗಿ ಕಂಡಿದೆ.

ಡೌತಿನ ಸ್ಥಳಪುರಾಣ ಇನ್ನೂ ವಿಚಿತ್ರವಾದುದು. ರಾಜನೊಬ್ಬನು ಆಕಾಶಕ್ಕೆ ಮುಟ್ಟುವ ಗೋಪುರವನ್ನು ಒಂದೇ ದಿನದಲ್ಲಿ ಕಟ್ಟಿಸಲು ಜನರನ್ನು ಕೂಡಿಸಿದನು. ಹಗಲು ಮುಗಿಯದಿರಲೆಂದು ಅವನ ತಂಗಿ ಮಂತ್ರಬಲದಿಂದ ಸೂರ್ಯನನ್ನು ತಡೆದಳು. ರಾಜನು ತಂಗಿಯನ್ನೇ ಕೂಡಿದುದರಿಂದ ಮಂತ್ರ ಮುರಿದು, ಕತ್ತಲೆ ಕವಿದು, ಕೆಲಸ ಅರ್ಧಕ್ಕೆ ನಿಂತಿತು. ಡೌತ್ ಎಂಬ ಹೆಸರಿನ ಮೂಲವಾದ ‘ದುಬಾದ್’ ಎಂದರೆ ಕತ್ತಲೆ ಎಂದು ಆ ಕಥೆ ವಿವರಿಸುತ್ತದೆ.

2020ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ವಿಜ್ಞಾನಿಗಳು ನ್ಯೂಗ್ರೇಂಜಿನ ಗರ್ಭಗೃಹದಲ್ಲಿ ದೊರೆತ ತಲೆಬುರುಡೆಯ ಚೂರೊಂದರ ಡಿಎನ್ಎ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದಾಗ ಈ ಕಥೆ ಥಟ್ಟನೆ ಎಲ್ಲರ ನೆನಪಿಗೆ ಬಂದಿತು. ಆ ಚೂರು ವಯಸ್ಕನೊಬ್ಬನದು. ಅವನು ಒಡಹುಟ್ಟಿದವರಿಗೆ ಅಥವಾ ತಂದೆ–ಮಗಳು, ತಾಯಿ–ಮಗನಂಥ ಅತಿಸಮೀಪದ ರಕ್ತಸಂಬಂಧಿಗಳಿಗೆ ಹುಟ್ಟಿದವನು. ಈಜಿಪ್ಟಿನ ಫರೋಗಳಲ್ಲಿಯೂ ಪೆರುವಿನ ಇಂಕಾ ದೊರೆಗಳಲ್ಲಿಯೂ ದೇವಾಂಶಸಂಭೂತರೆನಿಸಿದ ರಾಜಕುಲದವರು ಒಡಹುಟ್ಟಿದವರನ್ನೇ ಮದುವೆಯಾಗುತ್ತಿದ್ದರು. ಇವನೂ ಅಂಥ ದೈವಾಂಶದ ರಾಜವಂಶಕ್ಕೆ ಸೇರಿದವನಾಗಿರಬಹುದೆಂದು ಆ ವಿಜ್ಞಾನಿಗಳು ಸೂಚಿಸಿದರು. ಡೌತಿನ ಕಥೆ ನಾಲ್ಕು ಸಾವಿರ ವರ್ಷಗಳ ಹಿಂದಿನ ನಿಜಘಟನೆಯ ನೆನಪೇ ಆಗಿರಬಹುದೆಂಬ ಮಾತೂ ಎದ್ದಿತು.

ಇಲ್ಲಿ ನಿಂತು ಯೋಚಿಸಬೇಕು. 2025ರಲ್ಲಿ ಐರ್ಲೆಂಡಿನ ಪುರಾತತ್ತ್ವಜ್ಞರೇ ಈ ‘ರಾಜ’ನ ವಾದವನ್ನು ಪ್ರಶ್ನಿಸಿ ಬರೆದರು. 1699ರಿಂದ ಜನ ಓಡಾಡಿ ಕದಡಿದ ಗರ್ಭಗೃಹದಲ್ಲಿ ಉಳಿದದ್ದು ಕನಿಷ್ಠ ಐವರ ಅಸ್ಥಿಗಳ ಚೂರುಗಳು, ಅವುಗಳಲ್ಲಿ ಬಹುಪಾಲು ಸುಟ್ಟವು. ಅಂಥ ರಾಶಿಯಲ್ಲಿನ ಒಂದು ಚೂರಿನಿಂದ ರಾಜತ್ವವನ್ನು ಸ್ಥಾಪಿಸಲಾಗದು. ಇಂಥ ಸಮಾಧಿಗಳಲ್ಲಿ ಸೇರಿದವರು ದೂರದ ಸಂಬಂಧಿಗಳೇ ಹೊರತು ಒಂದೇ ಮನೆತನದವರಲ್ಲ. ಕಥೆಯ ವಿಷಯದಲ್ಲಿ ಇನ್ನೂ ದೊಡ್ಡ ತೊಡಕಿದೆ. ಡೌತಿನ ಕಥೆ ಬರಹಕ್ಕಿಳಿದದ್ದು 11ನೆಯ ಶತಮಾನದ ಸುಮಾರಿಗೆ. ಸಮಾಧಿ ಕಟ್ಟಿದವರಿಗೂ ಕಥೆ ಬರೆದವರಿಗೂ ನಡುವೆ, ಕ್ರಿ.ಪೂ. 2500ರಿಂದೀಚೆಗೆ, ಲೋಹವನ್ನು ಬಲ್ಲ ಹೊಸ ಜನರು ಬಂದು ಆ ದ್ವೀಪದ ಜನಸಮುದಾಯ ಬಹುಪಾಲು ಬದಲಾಯಿತೆಂದು ಡಿಎನ್ಎ ಶಾಸ್ತ್ರವೇ ತೋರಿಸಿಕೊಟ್ಟಿದೆ. ಜನರು ಬದಲಾದ ನೆಲದಲ್ಲಿ ಕಥೆಯೊಂದು ಅಷ್ಟುಕಾಲ ಅಳಿಯದೆ ನಿಂತಿತೆಂಬುದಕ್ಕೆ ಎರಡು ಸಂಗತಿಗಳ ಹೋಲಿಕೆಯ ಹೊರತು ಬೇರೆ ಪ್ರಮಾಣವಿಲ್ಲ. ಸುರಪುರದ ಕಲ್ಲುಮನೆಗೂ ಐರ್ಲೆಂಡಿನ ಸಮಾಧಿಗೂ ನಂಟು ಕಲ್ಪಿಸಿದ ಟೇಲರನ ತರ್ಕವೂ ಇದೇ ಜಾತಿಯದಾಗಿತ್ತು.

ಹಾಗೆಂದು ಕಥೆಗಳು ಬರಿದೆಂದಲ್ಲ. ದಿಬ್ಬಗಳ ಮೇಲಿನ ಜನರ ಗೌರವ ಒಂದು ಕಾಲಕ್ಕೆ ಮುಗಿದುಹೋಗಲಿಲ್ಲವೆಂಬುದಕ್ಕೆ ಅವು ಸಾಕ್ಷಿ. ಕ್ರಿಸ್ತಶಕದ ಮೊದಲ ನಾಲ್ಕು ಶತಮಾನಗಳ ರೋಮನ್ ನಾಣ್ಯಗಳನ್ನೂ ಚಿನ್ನದ ಒಡವೆಗಳನ್ನೂ ನ್ಯೂಗ್ರೇಂಜಿನ ಮುಂದೆ ಯಾರೋ ಅರ್ಪಿಸಿಹೋಗಿದ್ದರು. ನೌತಿನ ದಿಬ್ಬದ ಮೇಲೆ ಕ್ರೈಸ್ತ ಯುಗದ ಅರಸರು ನೆಲೆಮಾಡಿಕೊಂಡರು. ಅದರ ಓಣಿಯ ಕಲ್ಲುಗಳ ಮೇಲೆ ಅಂದಿನವರು ಒಘಮ್ ಲಿಪಿಯಲ್ಲಿಯೂ ಐರಿಷ್ ಅಕ್ಷರಗಳಲ್ಲಿಯೂ ತಮ್ಮ ಹೆಸರುಗಳನ್ನು ಗೀಚಿಹೋದರು. ಕಟ್ಟಿದವರ ಹೆಸರುಗಳು ಅಳಿದ ಕಲ್ಲಿನ ಮೇಲೆ ನೋಡಬಂದವರ ಹೆಸರುಗಳು ಉಳಿದಿವೆ.

ಉಪಸಂಹಾರ

ನ್ಯೂಗ್ರೇಂಜಿನ ಅಧ್ಯಯನದ ಇತಿಹಾಸವನ್ನು ಒಟ್ಟಾರೆ ನೋಡಿದರೆ ಎರಡು ಜನಶ್ರುತಿಗಳಿಗೆ ದೊರೆತ ಎರಡು ಗತಿಗಳು ಎದ್ದುಕಾಣುತ್ತವೆ. ಬೆಳಕು ಒಳಹೊಗುತ್ತದೆ ಎಂಬ ಮಾತನ್ನು ಓಕೆಲಿ ಕೇಳಿದರು, ಸಂಶಯಪಟ್ಟರು, ಕಲ್ಲಿನ ದಿಕ್ಕನ್ನು ಅಳೆದರು, ಕಡೆಗೆ ಚಳಿಗಾಲದ ಒಂದು ಮುಂಜಾನೆ ಹೋಗಿ ನಿಂತು ನೋಡಿದರು. ಮಾತು ನಿಜವಾಯಿತು, ವರ್ಷ ವರ್ಷವೂ ಯಾರು ಬೇಕಾದರೂ ಅದನ್ನು ಮತ್ತೆ ಪರೀಕ್ಷಿಸಬಹುದು. ಅಣ್ಣ ತಂಗಿಯರ ಕಥೆಗೆ ಅಂಥ ಪರೀಕ್ಷೆ ಸಾಧ್ಯವಾಗಿಲ್ಲ. ಅದು ಸ್ವಾರಸ್ಯವಾದ ಹೋಲಿಕೆಯಾಗಿಯೇ ಉಳಿಯಬೇಕು. ಇತಿಹಾಸವೆಂದು ಬರೆಯುವುದು ತರವಲ್ಲ.

ಜನಶ್ರುತಿಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಪಂಡಿತನೂ, ಸೊಗಸಾಗಿದೆಯೆಂದು ಹಾಗೆಯೇ ಒಪ್ಪಿಕೊಳ್ಳುವ ಭಾವುಕನೂ ಸತ್ಯಕ್ಕೆ ಸಮಾನವಾಗಿ ದೂರವಾಗಿರುತ್ತಾರೆ. ಹಿಂದಿನವರ ಮಾತಿಗೆ ಸಲ್ಲಬೇಕಾದ ನಿಜವಾದ ಗೌರವವೆಂದರೆ ಅದನ್ನು ಪರೀಕ್ಷೆಗೆ ಯೋಗ್ಯವೆಂದು ತಿಳಿಯುವುದು. ಬೋಯ್ನ್ ತೀರದ ಒಕ್ಕಲಿಗರು ತಮ್ಮ ಭಾಷೆಯ ಒಂದು ಪದವನ್ನೂ ಉಳಿಸಿಹೋಗಲಿಲ್ಲ. ವರ್ಷದ ಅತ್ಯಂತ ಕಿರಿದಾದ ಹಗಲಿನಲ್ಲಿ ಹದಿನೇಳು ನಿಮಿಷ ಬೆಳಕು ಬರುವಂತೆ ಒಂದು ಕಿಂಡಿಯನ್ನು ಇಟ್ಟುಹೋದರು. ಕಾದು ನೋಡುವವರಿಗೆ ಅವರ ಮನಸ್ಸಿನ ಒಂದಂಶವಾದರೂ ಅದರಿಂದ ತಿಳಿಯುತ್ತದೆ.